ಯಾರಿಗೆ ಎಷ್ಟು ಮೆತ್ತನೆಯ ಹಾಸಿಗೆ?

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳದವರಿಲ್ಲ. ಹಾಸಿಗೆಯ ಉದ್ದದ ವಿಚಾರದಲ್ಲಿ ಇಷ್ಟು ಎಚ್ಚರಿಕೆ ಕೊಟ್ಟ ಹಿರಿಯರು ಅದರ ಮೆತ್ತನೆಯ ವಿಚಾರದಲ್ಲಿ ಮಾತ್ರ ಮೌನವಾಗಿದ್ದರು. ಅವರಿಗೆ ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲವೆನ್ನಿ. ಬಳ್ಳಾರಿ ಸೀಮೆಯಲ್ಲಿ ಹಾಸಿಗೆಯೆಂದರೆ ಎರೆಮಣ್ಣಿನಲ್ಲಿ ಬೆಳೆದ ಹತ್ತಿಯನ್ನು ತುಂಬಿದ ಗಾದಿ. ಅದಿಲ್ಲದವರಿಗೆ ಚಾಪೆ, ಕೌದಿ, ಹುರಿ ಹೆಣೆದ ಮಂಚ. ಈಗ ಕಾಲ ಬದಲಾಗಿದೆ. ಬಳ್ಳಾರಿ ನಗರದ ಅಂಗಡಿಗೆ ಕಾಲಿಟ್ಟವರ ಮುಂದೆ ಮೊಳದುದ್ದದ ಚೀಟಿ ಅಂಟಿಸಿದ ದಪ್ಪ ಹಾಸಿಗೆಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಒಂದರ ಹೆಸರು 'ಮೀಡಿಯಂ ಫರ್ಮ್ ಹೈಬ್ರಿಡ್'. ಕೆಳಗೆ ಉಕ್ಕಿನ ಸ್ಪ್ರಿಂಗುಗಳು, ಮೇಲೆ ಫೋಮ್ ಅಥವಾ ಲೇಟೆಕ್ಸ್ ಪದರ. ತೀರ ಗಟ್ಟಿಯೂ ಅಲ್ಲದ, ತೀರ ಮೆತ್ತಗೂ ಅಲ್ಲದ ನಡುವಣ ಬಿಗುವು. ಕೂಲಿಯಿಂದ ಬದುಕುವ ಕುಟುಂಬಕ್ಕೆ ಅದರ ಬೆಲೆ ಒಂದು ತಿಂಗಳ ದುಡಿಮೆಯನ್ನು ಮೀರುವುದುಂಟು. ಅಷ್ಟು ಹಣ ತೆತ್ತು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುವುದು ನ್ಯಾಯ: ನಡುವಣ ಬಿಗುವು, ಆದರೆ ಯಾರಿಗೆ?

ಈ ಪ್ರಶ್ನೆಗೆ ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಬಹುಮಟ್ಟಿಗೆ ಉತ್ತರ ಕೊಡಬಲ್ಲುದು.

ಬರಿಯ ಕಲ್ಲುಚಪ್ಪಡಿಯ ಮೇಲೆ ಮಲಗಿದ 60 ಕಿಲೋಗ್ರಾಂ ತೂಕದ ಮನುಷ್ಯನನ್ನು ಭಾವಿಸೋಣ. ಅವನ ದೇಹ ನೆಲವನ್ನು ಒತ್ತುವ ಬಲ ಸುಮಾರು 590 ನ್ಯೂಟನ್. ಆದರೆ ನೆಲಕ್ಕೆ ತಗಲುವುದು ತಲೆಯ ಹಿಂಭಾಗ, ಹೆಗಲಿನ ಎಲುಬು, ಪೃಷ್ಠ, ಹಿಮ್ಮಡಿ ಇಷ್ಟೇ. ಈ ಭಾಗಗಳ ಒಟ್ಟು ವಿಸ್ತೀರ್ಣ 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸರಾಸರಿ ಒತ್ತಡ ಪಾದರಸದ 73 ಮಿಲಿಮೀಟರಿನಷ್ಟಾಗುತ್ತದೆ. ಅದೇ ಮನುಷ್ಯ ಮೈಗೆ ಹೊಂದಿಕೊಳ್ಳುವ ಹಾಸಿಗೆಯ ಮೇಲೆ ಮಲಗಿ, 3000 ಚದರ ಸೆಂಟಿಮೀಟರ್ ಮೈ ಅದಕ್ಕೆ ತಗಲಿದರೆ ಒತ್ತಡ 15 ಮಿಲಿಮೀಟರಿಗೆ ಇಳಿಯುತ್ತದೆ. ಬಲ ಅದೇ, ಹರಡಿದ ಜಾಗ ಮಾತ್ರ ಬೇರೆ.

ಈ ಅಂಕಿಗಳಿಗೆ ಮಹತ್ವ ಬರುವುದು ನಮ್ಮ ರಕ್ತನಾಳಗಳಿಂದ. 1930ರಲ್ಲಿ ಯುಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ವಿಜ್ಞಾನಿಯು ಉಗುರಿನ ಬುಡದ ಕೂದಲೆಳೆಯಂಥ ರಕ್ತನಾಳಗಳಿಗೆ ಅತಿ ಸಣ್ಣ ಗಾಜಿನ ನಳಿಕೆಯನ್ನು ಚುಚ್ಚಿ ಒಳಗಿನ ಒತ್ತಡವನ್ನು ಅಳೆದನು. ರಕ್ತ ಒಳಬರುವ ತುದಿಯಲ್ಲಿ ಅದು ಸರಾಸರಿ 32 ಮಿಲಿಮೀಟರ್ ಇತ್ತು. ಹೊರಗಿನ ಒತ್ತಡ ಇದನ್ನು ಬಹಳವಾಗಿ ಮೀರಿ ಬಹು ಹೊತ್ತು ನಿಂತರೆ ಆ ಜಾಗದ ಚರ್ಮಕ್ಕೆ ರಕ್ತ ಸಾಲದೆ ಹೋಗುತ್ತದೆ. ಆರೋಗ್ಯವಂತನು ನಿದ್ರೆಯಲ್ಲಿಯೇ ಮಗ್ಗುಲು ಬದಲಾಯಿಸಿ ಪಾರಾಗುತ್ತಾನೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅಜ್ಜಿಗೆ ಅದು ಸಾಧ್ಯವಿಲ್ಲ. ಆಕೆಗೆ ಹಾಸಿಗೆ ಹುಣ್ಣುಗಳಾಗುವುದು ಹೀಗೆ. ಇಂಥವರಿಗೆ ಯಾವ ಹೈಬ್ರಿಡ್ ಹಾಸಿಗೆಯೂ ಸಾಲದು. ಗಾಳಿ ತುಂಬುತ್ತ ಬಿಡುತ್ತ ಇರುವ ವಿಶೇಷ ಹಾಸಿಗೆ ಬೇಕಾಗಬಹುದು. ಏನಿದ್ದರೂ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವ ಕೈಗಳಂತೂ ಬೇಕೇ ಬೇಕು.

ಹಾಗಾದರೆ ಮೆತ್ತಗಿದ್ದಷ್ಟೂ ಒಳ್ಳೆಯದೇ? ಅಲ್ಲ. ಸಡಿಲಗೊಂಡ ಹುರಿಮಂಚದಲ್ಲಿ ಮಲಗಿ ಎದ್ದವರನ್ನು ಕೇಳಿ. ದೇಹದ ಅತಿ ಭಾರದ ಭಾಗವಾದ ಸೊಂಟ ಕೆಳಗಿಳಿದು, ಬೆನ್ನೆಲುಬು ತೊಟ್ಟಿಲಿನಂತೆ ಬಾಗುತ್ತದೆ. ಬೋರಲಾಗಿ ಮಲಗುವವನ ಪಾಡು ಇನ್ನೂ ಕಷ್ಟ: ಅವನ ಸೊಂಟ ಹಳ್ಳಕ್ಕಿಳಿದರೆ ಬೆನ್ನು ಹಿಂದಕ್ಕೆ ಬಾಗಿ, ರಾತ್ರಿಯೆಲ್ಲ ಹಾಗೆಯೇ ಉಳಿಯುತ್ತದೆ. ಒಳ್ಳೆಯ ಹಾಸಿಗೆ ಎರಡು ವಿರುದ್ಧ ಕೆಲಸಗಳನ್ನು ಒಟ್ಟಿಗೆ ಮಾಡಬೇಕು. ಮೇಲ್ಮೈ ಬಿಟ್ಟುಕೊಡಬೇಕು, ಆಳ ಎದುರು ನಿಲ್ಲಬೇಕು.

ಬೆನ್ನುನೋವಿಗೆ ಗಟ್ಟಿ ಹಲಗೆಯೇ ಮದ್ದೆಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಯುರೋಪಿನಲ್ಲಿಯೂ ಬೇರೂರಿತ್ತು. ಸ್ಪೇನಿನ ಫ್ರಾನ್ಸಿಸ್ಕೊ ಕೊವಾಕ್ಸ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಒಡ್ಡಿ, 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಹುಕಾಲದ ಸೊಂಟನೋವಿದ್ದ 313 ಮಂದಿಗೆ, ಯಾರಿಗೆ ಯಾವುದೆಂದು ತಿಳಿಸದೆ, ಗಟ್ಟಿ ಅಥವಾ ನಡುವಣ ಬಿಗುವಿನ ಹಾಸಿಗೆಗಳನ್ನು ಕೊಡಲಾಯಿತು. 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ ಎನ್ನುವ ಯುರೋಪಿನ ಅಳತೆಯಲ್ಲಿ ಗಟ್ಟಿಯದು 2.3, ನಡುವಣದು 5.6. ತೊಂಬತ್ತು ದಿನಗಳಾದ ಮೇಲೆ ನೋಡಿದಾಗ, ನಡುವಣ ಹಾಸಿಗೆಯವರಲ್ಲಿ ಮಲಗಿದಾಗಿನ ನೋವೂ ದೈನಂದಿನ ಕೆಲಸಗಳ ಅಡಚಣೆಯೂ ಹೆಚ್ಚು ತಗ್ಗಿದ್ದವು. 'ಮೀಡಿಯಂ ಫರ್ಮ್' ಎಂಬ ಮಾತಿಗೆ ಅಂಗಡಿಯಲ್ಲಿ ಇಷ್ಟು ಗೌರವ ಬರಲು ಈ ಪರೀಕ್ಷೆಯೂ ಒಂದು ಕಾರಣ. ಆದರೆ ಪರೀಕ್ಷೆಯಲ್ಲಿದ್ದುದು ಅಳೆದ ಸಂಖ್ಯೆ; ಚೀಟಿಯ ಮೇಲಿರುವುದು ಬರಿಯ ಪದ. ಒಬ್ಬ ತಯಾರಕನ 'ಮೀಡಿಯಂ' ಇನ್ನೊಬ್ಬನ 'ಹಾರ್ಡ್' ಆಗಿರಬಹುದು.

ಈಗ ಹಾಸಿಗೆಯ ಒಳಹೊಕ್ಕು ನೋಡೋಣ. ಸ್ಪ್ರಿಂಗಿನ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು: ಎಳೆತ ಎಷ್ಟೋ ಬಲವೂ ಅಷ್ಟೇ. ಸುರುಳಿ ಸ್ಪ್ರಿಂಗಿನ ಬಿಗುವು ಅದರ ತಂತಿಯ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಈ ನಾಲ್ಕನೆಯ ಘಾತ ಕಣ್ಣಿಗೆ ಕಾಣದ ಮೋಸಗಾರ. 1.8 ಮಿಲಿಮೀಟರ್ ತಂತಿಯ ಬದಲು 2 ಮಿಲಿಮೀಟರ್ ತಂತಿ ಬಳಸಿದರೆ, ಉಳಿದುದೆಲ್ಲ ಒಂದೇ ಆಗಿದ್ದರೂ ಬಿಗುವು ಒಂದೂವರೆ ಪಟ್ಟಾಗುತ್ತದೆ. ಅಂಗಡಿಯವರು ಸ್ಪ್ರಿಂಗುಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ತಂತಿಯ ದಪ್ಪವನ್ನು ಹೇಳುವವರು ವಿರಳ. ಕೇಳಬೇಕಾದುದು ಅದನ್ನೇ.

1.8 ಮಿಲಿಮೀಟರ್ ಉಕ್ಕಿನ ತಂತಿ, 6 ಸೆಂಟಿಮೀಟರ್ ಸುರುಳಿ, ಐದು ಸುತ್ತು ಎಂದು ಲೆಕ್ಕ ಹಾಕಿದರೆ, ಒಂದು ಸ್ಪ್ರಿಂಗು ಒಂದು ನ್ಯೂಟನ್ ಬಲಕ್ಕೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಮಲಗಿದವನ ಭಾರವನ್ನು ಇಂಥ 150 ಸ್ಪ್ರಿಂಗುಗಳು ಸಮನಾಗಿ ಹೊರುತ್ತವೆ ಎನ್ನೋಣ. ಹಾಗಾದರೆ 60 ಕಿಲೋಗ್ರಾಂ ತೂಕದವನು ಸುಮಾರು 4 ಸೆಂಟಿಮೀಟರ್ ಇಳಿಯುತ್ತಾನೆ. 45 ಕಿಲೋಗ್ರಾಂ ತೂಕದ ವಿದ್ಯಾರ್ಥಿನಿ 3 ಸೆಂಟಿಮೀಟರ್. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ 90 ಕಿಲೋಗ್ರಾಂ ತೂಕದ ಹಮಾಲಿ 6 ಸೆಂಟಿಮೀಟರ್. ನಿಜವಾದ ದೇಹದ ಭಾರ ಸಮನಾಗಿ ಹರಡುವುದಿಲ್ಲವಾದ್ದರಿಂದ ಸೊಂಟದಲ್ಲಿ ಈ ಅಂತರ ಇನ್ನೂ ಹೆಚ್ಚು. ಒಂದೇ ಹಾಸಿಗೆ, ಒಂದೇ ಚೀಟಿ. ಒಬ್ಬಳಿಗೆ ಅದು ಗಟ್ಟಿ, ಇನ್ನೊಬ್ಬನಿಗೆ ಮೆತ್ತಗೆ. ಬಿಗುವೆಂಬುದು ಹಾಸಿಗೆಯೊಂದರ ಗುಣವಲ್ಲ, ಹಾಸಿಗೆ ಮತ್ತು ಮಲಗುವವರ ಜೋಡಿಯ ಗುಣ.

ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಮಗ್ಗುಲಾಗಿ ಮಲಗುವವರ ಭಾರ ಹೆಗಲು ಮತ್ತು ತೊಡೆಯ ಕೀಲಿನ ಎರಡು ಕಿರಿದಾದ ಜಾಗಗಳಲ್ಲಿ ಕೂಡಿಕೊಳ್ಳುತ್ತದೆ. ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ಬಾಗಿ ಕುಳಿತು ಜೀನ್ಸ್ ಹೊಲಿಯುವ ಬಳ್ಳಾರಿಯ ಹೆಣ್ಣುಮಗಳೊಬ್ಬಳು ಹಗುರವಾಗಿದ್ದು ಮಗ್ಗುಲಾಗಿ ಮಲಗುವವಳಾದರೆ, ಆಕೆಗೆ ಮೇಲಿನ ಪದರ ದಪ್ಪವಾಗಿ ಮೆತ್ತಗಿರಬೇಕು. ಅಂಗಾತ ಮಲಗುವ ಹಮಾಲಿಗೆ ತೆಳು ಪದರ, ದಪ್ಪ ತಂತಿ.

ಪದರಗಳ ಮೇಲೆ ಪದರವಿಟ್ಟಾಗ ಏನಾಗುತ್ತದೆ? ಸರಣಿಯಲ್ಲಿ ಜೋಡಿಸಿದ ಸ್ಪ್ರಿಂಗುಗಳ ಹಾಗೆ, ಪ್ರತಿಯೊಂದರ ಕುಗ್ಗುವಿಕೆಯೂ ಕೂಡುತ್ತ ಹೋಗುತ್ತದೆ. ಈ ಸರಣಿಯಲ್ಲಿ ಮಂಚವೂ ಒಂದು ಸ್ಪ್ರಿಂಗು ಎಂಬುದನ್ನು ಅನೇಕರು ಮರೆಯುತ್ತಾರೆ. ಜೋತುಬಿದ್ದ ಹುರಿಮಂಚದ ಮೇಲೆ ಎಷ್ಟೇ ಬೆಲೆಯ ಹೈಬ್ರಿಡ್ ಹಾಕಿದರೂ ಮಲಗುವುದು ಹುರಿಮಂಚದ ಮೇಲೆಯೇ.

ಪ್ರತಿಯೊಂದು ಸ್ಪ್ರಿಂಗನ್ನೂ ಬಟ್ಟೆಯ ಚೀಲದಲ್ಲಿ ಬೇರೆ ಬೇರೆಯಾಗಿ ಹೊಲಿಯುವ ಉಪಾಯ ಕೆನಡಾದ ಜೇಮ್ಸ್ ಮಾರ್ಷಲ್ ಎಂಬ ಎಂಜಿನಿಯರನದು, 1900ರ ಸುಮಾರಿನದು. ಪಕ್ಕದವರು ಹೊರಳಿದರೆ ನಮ್ಮ ಮಗ್ಗುಲು ಅಲುಗದಿರುವುದು ಇದರ ಫಲ. ರಬ್ಬರು ಹಾಲನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆಯೆಬ್ಬಿಸಿ ಮಾಡಿದ ಲೇಟೆಕ್ಸ್ ಫೋಮ್ 1929ರಲ್ಲಿ ಡನ್ಲಪ್ ಕಂಪನಿಯಲ್ಲಿ ಹುಟ್ಟಿತು. 'ಮೆಮೊರಿ ಫೋಮ್' ಎಂಬುದು 1966ರಲ್ಲಿ, ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳ ಮೇಲೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಯೋಸ್ಟ್ ರೂಪಿಸಿದ ವಸ್ತು.

ಈ ಮೆಮೊರಿ ಫೋಮಿನ ವಿಚಾರದಲ್ಲಿಯೇ ನಮ್ಮ ಊರಿನ ಬಿಸಿಲು ತನ್ನ ಮಾತು ಹೇಳುತ್ತದೆ. ಮೈಯ ಶಾಖಕ್ಕೆ ಮೆದುವಾಗುವುದು ಅದರ ಸ್ವಭಾವ. ತಂಪಿನಲ್ಲಿ ಗಡುಸು, ಸೆಕೆಯಲ್ಲಿ ಸಡಿಲ. ಪ್ರಯೋಗಶಾಲೆಗಳಲ್ಲಿ ಫೋಮುಗಳ ಬಿಗುವನ್ನು ಅಳೆಯುವುದು ಸಾಮಾನ್ಯವಾಗಿ 23 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದುಂಟು. ಕುರುಗೋಡಿನಂಥ ಕಡೆ ಹಗಲೆಲ್ಲ ಕಾದ ಬಂಡೆಗಳ ಗುಡ್ಡಗಳು ರಾತ್ರಿಯೂ ಶಾಖ ಸೂಸುತ್ತಿರುತ್ತವೆ. 23 ಡಿಗ್ರಿಯಲ್ಲಿ 'ನಡುವಣ' ಎನಿಸಿದ ಪದರ ಇಲ್ಲಿನ ಮೇ ತಿಂಗಳ ಕೋಣೆಯಲ್ಲಿ ಹಾಗೆಯೇ ಉಳಿಯುತ್ತದೆಂದು ನಂಬಲಾಗದು. ಲೇಟೆಕ್ಸ್ ಮತ್ತು ಉಕ್ಕು ಉಷ್ಣತೆಯ ಇಷ್ಟು ಬದಲಾವಣೆಗೆ ಅಷ್ಟಾಗಿ ಮಣಿಯುವುದಿಲ್ಲ. ನಮ್ಮ ಸೀಮೆಗೆ ದಪ್ಪ ಮೆಮೊರಿ ಫೋಮ್ ತಕ್ಕುದಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬೆವರಿನ ಲೆಕ್ಕವನ್ನೂ ನೋಡಿ. ನಿದ್ರಿಸುವ ವಯಸ್ಕನ ದೇಹ ಸುಮಾರು 70 ವಾಟ್ ಶಾಖವನ್ನು ಹೊರಹಾಕುತ್ತದೆ. ಕೋಣೆಯ ಗಾಳಿ ಚರ್ಮದಷ್ಟೇ ಬಿಸಿಯಾಗಿದ್ದರೆ ಈ ಶಾಖ ಹೋಗಲು ಉಳಿಯುವ ದಾರಿ ಬೆವರು ಆರುವುದೊಂದೇ. ಬಾಷ್ಪೀಕರಣದ ಗುಪ್ತೋಷ್ಣವನ್ನು ಹಿಡಿದು ಗುಣಿಸಿದರೆ ಗಂಟೆಗೆ ಸುಮಾರು 100 ಗ್ರಾಂ, ಎಂಟು ಗಂಟೆಗಳಲ್ಲಿ 800 ಗ್ರಾಂ ನೀರು ಆವಿಯಾಗಬೇಕು. ಬೆನ್ನಿನ ಕೆಳಗಿನ ಬೆವರು ಎಲ್ಲಿಗೆ ಹೋಗಬೇಕು? ಸ್ಪ್ರಿಂಗುಗಳ ನಡುವೆ ಗಾಳಿ ಆಡುವ ಜಾಗವಿರುವುದು ಹೈಬ್ರಿಡ್ ಹಾಸಿಗೆಯ ನಿಜವಾದ ಗುಣ. ಮೇಲಿನ ಫೋಮ್ ದಪ್ಪವಾದಷ್ಟೂ ಆ ಗುಣ ವ್ಯರ್ಥ.

ಹತ್ತಿಯ ಹಿರಿಮೆ ಇಲ್ಲಿ ತಿಳಿಯುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿ ತನ್ನ ಒಣತೂಕದ ಶೇಕಡ 8.5ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ 0.4ರಷ್ಟು ಮಾತ್ರ. ಗಾದಿಯ ದೋಷವೆಂದರೆ, ಎಳೆಗಳ ನಡುವಣ ಗಾಳಿ ಹೊರಟುಹೋಗಿ ಅದು ವರ್ಷ ಕಳೆದಂತೆ ಗಂಟುಗಟ್ಟುತ್ತದೆ. ಸಿರುಗುಪ್ಪದ ಕಾಲುವೆ ನೀರಿನ ಗದ್ದೆಗಳ ನಡುವಿನ ಊರುಗಳಲ್ಲಿ ಮಳೆಗಾಲದ ತೇವ ಇದನ್ನು ಇನ್ನಷ್ಟು ಬೇಗ ಮಾಡುತ್ತದೆ. ಬಿಸಿಲಿಗೆ ಹಾಕುವುದು ಅರ್ಧ ಪರಿಹಾರ. ಉಳಿದರ್ಧ ಪಿಂಜಾರರ, ನದಾಫರ ಕೈಯಲ್ಲಿತ್ತು. ಬಿಲ್ಲಿನ ಬಿಗಿದ ನರವನ್ನು ಅರಳೆಯಲ್ಲಿಟ್ಟು ಮರದ ಕೊಡತಿಯಿಂದ ಮಿಡಿದರೆ, ನರದ ಕಂಪನ ಎಳೆಗಳನ್ನು ಬಿಡಿಬಿಡಿಯಾಗಿ ಎಸೆದು ಅವುಗಳ ನಡುವೆ ಮತ್ತೆ ಗಾಳಿ ತುಂಬುತ್ತದೆ. ಈಗ ಆ ಕೆಲಸವನ್ನು ಬಹಳ ಕಡೆ ಯಂತ್ರ ಮಾಡುತ್ತದೆ.

ಹಾಸಿಗೆಯನ್ನು ಪರೀಕ್ಷಿಸುವುದು ಹೇಗೆ? ಪ್ರಯೋಗಶಾಲೆಯಲ್ಲಿ 20 ಸೆಂಟಿಮೀಟರ್ ವ್ಯಾಸದ ತಟ್ಟೆಯಿಂದ ಫೋಮನ್ನು ಒತ್ತಿ, ದಪ್ಪದ ಶೇಕಡ 25ರಷ್ಟು ಇಳಿಯಲು ಎಷ್ಟು ಬಲ ಬೇಕು, ಶೇಕಡ 65ರಷ್ಟು ಇಳಿಯಲು ಎಷ್ಟು ಬೇಕು ಎಂದು ಅಳೆಯುತ್ತಾರೆ. ಮೊದಲನೆಯದು ಮೇಲ್ಮೈಯ ಮೆತ್ತನೆಯನ್ನು, ಎರಡರ ಪ್ರಮಾಣ ಆಳದ ಆಸರೆಯನ್ನು ತಿಳಿಸುತ್ತದೆ. ಬಾಳಿಕೆಯ ಪರೀಕ್ಷೆ ಬೇರೆ: ಯುರೋಪಿನ ಕ್ರಮದಲ್ಲಿ 1400 ನ್ಯೂಟನ್ ಬಲದ ಉರುಳೆಯೊಂದು ಹಾಸಿಗೆಯ ಮೇಲೆ 30,000 ಸಲ ಹೊರಳುತ್ತದೆ.

ನಮ್ಮ ವಿದ್ಯಾರ್ಥಿಗಳು ಇದರ ಕಿರಿಯ ರೂಪವನ್ನು ಮನೆಯಲ್ಲಿಯೇ ಮಾಡಬಹುದು. ಕುಡಿಯುವ ನೀರಿನ 20 ಲೀಟರ್ ಕ್ಯಾನು, 20 ಸೆಂಟಿಮೀಟರ್ ಅಗಲದ ದುಂಡು ಹಲಗೆ, ಒಂದು ಅಳತೆಪಟ್ಟಿ ಇಷ್ಟೇ ಸಾಮಗ್ರಿ. ಹಾಸಿಗೆಯ ಅಡ್ಡಕ್ಕೆ ದಾರವನ್ನು ಬಿಗಿಯಾಗಿ ಕಟ್ಟಿ, ಹಲಗೆ ದಾರದಿಂದ ಎಷ್ಟು ಕೆಳಗಿದೆಯೆಂದು ಬರೆದುಕೊಳ್ಳಿ. ಕ್ಯಾನಿಗೆ ಮೊದಲು 10 ಲೀಟರ್, ಬಳಿಕ 20 ಲೀಟರ್ ನೀರು ತುಂಬಿ, ಮುಚ್ಚಳ ಭದ್ರಪಡಿಸಿ ಹಲಗೆಯ ಮೇಲಿಡಿ. ವಾಲದಂತೆ ಒಬ್ಬರು ಬೆರಳುಕೊಟ್ಟಿರಲಿ. ಎರಡನೆಯ ಸಲದ ಇಳಿತ ಮೊದಲಿನದರ ಎರಡರಷ್ಟಿದ್ದರೆ ಹುಕ್ಕನ ನಿಯಮ ನಡೆಯುತ್ತಿದೆ. ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಆಳ ಚೆನ್ನಾಗಿ ಎದುರೊಡ್ಡುತ್ತಿದೆ. ಹೆಚ್ಚಿದ್ದರೆ ಫೋಮಿನ ಒಳಗಿನ ಗೂಡುಗಳು ಮಡಿಸಿಕೊಳ್ಳುತ್ತಿವೆ. ಭಾರದವರು ಅಂಥದನ್ನು ಕೊಳ್ಳಬಾರದು. ಇದನ್ನೇ ಮೇ ತಿಂಗಳ ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಮಾಡಿ ನೋಡಿ.

ಅಂಗಡಿಯಲ್ಲಿ ಕ್ಯಾನು ಹೊತ್ತು ತಿರುಗುವಂತಿಲ್ಲವಲ್ಲ! ಅಲ್ಲಿ ಕೈಯಿಂದ ಒತ್ತಿ ನೋಡುವುದರಿಂದ ಪ್ರಯೋಜನವಿಲ್ಲ, ಅಂಗೈ ಸೊಂಟವಲ್ಲ. ಸಂಕೋಚ ಬಿಟ್ಟು, ನಿತ್ಯದ ಭಂಗಿಯಲ್ಲಿ ಕಾಲು ಗಂಟೆ ಮಲಗಿರಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ತೂರಿ ಇನ್ನೂ ಜಾಗ ಉಳಿದರೆ ಹಾಸಿಗೆ ನಿಮಗೆ ಗಟ್ಟಿ. ತೂರಲೇ ಆಗದಿದ್ದರೆ ಮೆತ್ತಗೆ. ಮಗ್ಗುಲಾದಾಗ ಜೊತೆಗೆ ಬಂದವರು ಕತ್ತಿನಿಂದ ಬೆನ್ನಿನ ಬುಡದವರೆಗೆ ದಾರ ಹಿಡಿದು, ಬೆನ್ನೆಲುಬು ಅದಕ್ಕೆ ಸಮನಾಗಿದೆಯೇ ನೋಡಲಿ. ಇಬ್ಬರ ತೂಕದಲ್ಲಿ ಬಹಳ ಅಂತರವಿದ್ದರೆ ಒಂದು ದೊಡ್ಡದರ ಬದಲು ಬೇರೆ ಬೇರೆ ಬಿಗುವಿನ ಎರಡು ಒಂಟಿ ಹಾಸಿಗೆಗಳನ್ನು ಕೂಡಿಸಿ ಹಾಕುವುದು ಜಾಣತನ.

ಒಂದು ಮಾತು ಉಳಿಯಿತು. ಸೆಕೆಗಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳವರು ಮಾಳಿಗೆಯ ಮೇಲೆ ಮಲಗುತ್ತಾರೆ. ಮೈ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸಲು ಅಲ್ಲಿ ಅಡ್ಡಿಯಿಲ್ಲ. ಹೈಬ್ರಿಡ್ ಹಾಸಿಗೆಯನ್ನು ಇಬ್ಬರು ಹೊತ್ತರೂ ಮೆಟ್ಟಿಲು ಹತ್ತಿಸುವುದು ಕಷ್ಟ, ಸುತ್ತಿಡಲಂತೂ ಬಾರದು. ಕೆಳಗಿನ ಕೋಣೆಗೆ ಯಾವುದನ್ನೇ ಕೊಂಡರೂ ಹಳೆಯ ಗಾದಿಯನ್ನು ಎಸೆಯದೆ, ಅರಳೆ ಹಿಂಜಿಸಿ ಹೊಸ ಬಟ್ಟೆ ಹೊಲಿಸಿ ಇಟ್ಟುಕೊಂಡವರಿಗೆ ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಹಾಸಲು ಒಂದು ಹಾಸಿಗೆ ಇರುತ್ತದೆ.