ಓರೆ ದಾರಿಯ ವಂಶಾವಳಿ

ಜಾತ್ರೆಯ ಬಯಲಿನಲ್ಲಿ ತೊಟ್ಟಿಲು, ಬೆಂಡು-ಬತ್ತಾಸು, ಬಳೆ ಅಂಗಡಿಗಳನ್ನೆಲ್ಲ ದಾಟಿ ಮುಂದೆ ಹೋದರೆ ಕೊನೆಗೆ ಒಂದು ಮೂಲೆಯಿಂದ ಸೈಲೆನ್ಸರ್ ಕಿತ್ತ ಬೈಕಿನ ಆರ್ಭಟ ಕೇಳುತ್ತದೆ. ಹಲಗೆ ಜೋಡಿಸಿ ಕಟ್ಟಿದ ದೊಡ್ಡ ದುಂಡು ಪೀಪಾಯಿ. ಟಿಕೆಟ್ ತೆಗೆಸಿ ಹೊರಗಿನ ಮೆಟ್ಟಿಲು ಹತ್ತಿದವರು ಅಂಚಿಗೆ ನಿಂತು ಒಳಗೆ ಬಗ್ಗಿ ನೋಡುತ್ತಾರೆ. ತಳದಲ್ಲಿ ಎರಡು ಸುತ್ತು ಹಾಕಿದ ಬೈಕು ನೋಡನೋಡುತ್ತಲೇ ಗೋಡೆ ಏರಿ, ಹಲ್ಲಿಯಂತೆ ಅಡ್ಡಡ್ಡ ಓಡತೊಡಗುತ್ತದೆ. ಹಿಂದೆಯೇ ಒಂದು ಮಾರುತಿ 800. ಮೇಲಿನವರು ಹತ್ತರ ನೋಟು ಚಾಚಿದರೆ, ಸವಾರ ಕೈಬಿಟ್ಟು ಬಂದು ಅದನ್ನು ಕಸಿದುಕೊಂಡು ಹೋಗುತ್ತಾನೆ. ಹಲಗೆಗಳು ಗಡಗಡ ನಡುಗುತ್ತವೆ. ದುಂಡು ಗೋಡೆ ಸದ್ದನ್ನು ಏನು ಮಾಡುತ್ತದೆ ಎಂದು ಗೋಳಗುಮ್ಮಟದ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ.

ಇದು ಸಾವಿನ ಬಾವಿ. ಮಂದಿಯ ಬಾಯಲ್ಲಿ ಮೌತ್ ಕಾ ಕುವಾ. ಸರ್ಕಸ್ಸಿನ ತಮ್ಮನೆಂದು ನಾವು ಅಂದುಕೊಂಡಿರುವ ಈ ಬಾವಿಯ ಮೈಯಲ್ಲಿ ಹರಿಯುವುದು ರೇಸಿನ ರಕ್ತ. ಇದರ ಬೇರು ಹುಡುಕುತ್ತ ಹೊರಟರೆ ಮೊದಲು ಇಂಗ್ಲೆಂಡ್, ಆಮೇಲೆ ಅಮೆರಿಕ ಸುತ್ತಿ, ಮರಳಿ ವಿಜಯಪುರದ ಭೂತನಾಳಕ್ಕೇ ಬಂದು ಮುಟ್ಟುತ್ತೇವೆ.

ಇಂಗ್ಲೆಂಡಿನಿಂದಲೇ ಸುರುಮಾಡೋಣ. 1903ರ ಅಲ್ಲಿನ ಕಾಯ್ದೆ ರಸ್ತೆಯ ಮೇಲೆ ಮೋಟಾರಿಗೆ ಗಂಟೆಗೆ 20 ಮೈಲಿಗಿಂತ ಹೆಚ್ಚಿನ ವೇಗಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಅಂದರೆ 32 ಕಿಲೋಮೀಟರು. ಫ್ರಾನ್ಸ್, ಇಟಲಿಗಳಲ್ಲಿ ರಸ್ತೆಗಳ ಮೇಲೆಯೇ ರೇಸು ನಡೆಯುವಾಗ ಇಂಗ್ಲೆಂಡಿನ ಕಾರು ತಯಾರಕರಿಗೆ ತಮ್ಮ ಗಾಡಿ ಓಡಿಸಿ ನೋಡಲೂ ಜಾಗವಿರಲಿಲ್ಲ. ಸರ್ರೆ ಪ್ರಾಂತ್ಯದ ವೇಬ್ರಿಜ್‌ನಲ್ಲಿ ಜಮೀನಿದ್ದ ಹ್ಯೂ ಲಾಕ್ ಕಿಂಗ್ ಎಂಬ ಸಿರಿವಂತನಿಗೆ ಇದು ಅವಮಾನವೆನಿಸಿತು. ತನ್ನ ಹೊಲದಲ್ಲೇ ಮೋಟಾರಿಗಾಗಿ ಒಂದು ಓಟದ ದಾರಿ ಕಟ್ಟಿಸಲು ಹೊರಟ. ನಕ್ಷೆ ಹಾಕಿದವನು ಕರ್ನಲ್ ಹೋಲ್ಡನ್. ವೇಗ ಕಡಿಮೆ ಮಾಡದೇ ತಿರುಗಬೇಕೆಂದರೆ ತಿರುವಿನಲ್ಲಿ ದಾರಿಯನ್ನೇ ಓರೆಯಾಗಿ ಎತ್ತಬೇಕು ಎಂದ ಆತ. ಎತ್ತಿದ್ದು ಕೊನೆಗೆ ಹತ್ತಿರಹತ್ತಿರ 30 ಅಡಿ! ದಾರಿಯ ಅಗಲ 100 ಅಡಿ, ಒಂದು ಸುತ್ತಿಗೆ ಸುಮಾರು 4.4 ಕಿಲೋಮೀಟರು. ವೇ ನದಿಯ ಮೇಲೂ ಈ ದಾರಿಯೇ ಸೇತುವೆಯಾಗಿ ಹಾಯ್ದಿತ್ತು. ಲಾಕ್ ಕಿಂಗ್‌ಗೆ ತಗುಲಿದ ಖರ್ಚು ಒಂದೂವರೆ ಲಕ್ಷ ಪೌಂಡು.

1907ರ ಜೂನ್ 17ರಂದು ತೆರೆದ ಈ ಬ್ರೂಕ್‌ಲ್ಯಾಂಡ್ಸ್, ಮೋಟಾರಿಗೆಂದೇ ಕಟ್ಟಿದ ಜಗತ್ತಿನ ಮೊದಲ ಓರೆ ರೇಸ್ ಟ್ರ್ಯಾಕ್. ಮೋಟಾರ್ ರೇಸು ಹೇಗೆ ನಡೆಸಬೇಕೆಂದು ಗೊತ್ತಿಲ್ಲದ ಕಾರಣ ಕುದುರೆ ರೇಸಿನ ಪದ್ಧತಿಯನ್ನೇ ತಂದರು. ಕಾರಿಗೆ ನಂಬರಿಲ್ಲ, ಜಾಕಿಗಳಂತೆ ಚಾಲಕನ ಅಂಗಿಯ ಬಣ್ಣ ನೋಡಿ ಗುರುತು ಹಿಡಿಯಬೇಕು. ನೂರು ಅಡಿ ಅಗಲದ ದಾರಿಯಾಚೆ ಯಾರ ಅಂಗಿ ಯಾವ ಬಣ್ಣವೆಂದು ಕಾಣುವುದಾದರೂ ಹೇಗೆ? ಕೆಲಕಾಲದಲ್ಲೇ ನಂಬರು ಬಂತು.

ತೆರೆದ ಹನ್ನೊಂದನೇ ದಿನ ಎಸ್.ಎಫ್. ಎಡ್ಜ್ ಎಂಬಾತ ನೇಪಿಯರ್ ಕಾರಿನಲ್ಲಿ 24 ಗಂಟೆ ಒಬ್ಬನೇ ಓಡಿಸಿ 1,581 ಮೈಲಿ ಮುಗಿಸಿದ. ಸರಾಸರಿ ಗಂಟೆಗೆ 106 ಕಿಲೋಮೀಟರು. ಇರುಳು ದಾರಿಯುದ್ದಕ್ಕೂ ಕೆಂಪು ಲಾಟೀನುಗಳನ್ನು ಇಟ್ಟಿದ್ದರು. ಸುತ್ತಲಿನ ಮನೆಯವರು ನಿದ್ದೆಗೆಟ್ಟು ತಕರಾರು ತೆಗೆದರು. ಅಲ್ಲಿಂದ ಮುಂದೆ ರಾತ್ರಿ ಓಟ ಬಂದ್. 24 ಗಂಟೆಯ ಪಂದ್ಯ ಬೇಕೆಂದವರು ಹಗಲು ಹನ್ನೆರಡು ಗಂಟೆ ಓಡಿಸಿ, ಕಾರಿಗೆ ಬೀಗ ಹಾಕಿ, ಮರುದಿನ ಮತ್ತೆ ಹನ್ನೆರಡು ಗಂಟೆ ಓಡಿಸಬೇಕಾಯಿತು.

1913ರ ಫೆಬ್ರುವರಿಯಲ್ಲಿ ಪರ್ಸಿ ಲ್ಯಾಂಬರ್ಟ್ ಇಲ್ಲಿಯೇ ಒಂದು ಗಂಟೆಯೊಳಗೆ 100 ಮೈಲಿ ದಾಟಿದ ಮೊದಲಿಗನಾದ. ಅದೇ ವರ್ಷ ಅಕ್ಟೋಬರ್ ಕೊನೆಗೆ, ಅದೇ ಓರೆಯ ಮೇಲೆ, ಟೈರು ಸಿಡಿದು ಸತ್ತ.

ದಾರಿಯನ್ನು ಓರೆ ಮಾಡಿದರೆ ಆಗುವುದೇನು? ನೀರು ತುಂಬಿದ ಕೊಡಪಾನವನ್ನು ಹಗ್ಗ ಕಟ್ಟಿ ಗರಗರ ತಿರುಗಿಸಿದವರಿಗೆ ಅರ್ಧ ಉತ್ತರ ಗೊತ್ತು. ತಿರುವಿನಲ್ಲಿ ಗಾಡಿ ನೆಟ್ಟಗೆ ಹೋಗಲು ಹವಣಿಸುತ್ತದೆ. ಸಪಾಟು ರಸ್ತೆಯಲ್ಲಿ ಅದನ್ನು ಒಳಗೆ ಎಳೆದು ಹಿಡಿಯುವುದು ಟೈರಿನ ಹಿಡಿತ ಒಂದೇ. ಕಬ್ಬು ಹೇರಿದ ಟ್ರ್ಯಾಕ್ಟರು ಇಂಡಿ ಕಡೆಯ ತಿರುವಿನಲ್ಲಿ ಅವಸರ ಮಾಡಿದರೆ ಏನಾಗುತ್ತದೆಂದು ರಸ್ತೆ ಬದಿಗೆ ಬಿದ್ದ ಟ್ರೈಲರುಗಳೇ ಹೇಳುತ್ತವೆ. ದಾರಿಯನ್ನು ಒಳಕ್ಕೆ ವಾಲಿಸಿದರೆ ನೆಲವೇ ಗಾಡಿಯನ್ನು ಒಳಗೆ ದೂಡುತ್ತದೆ. ಪ್ರತಿ ಓರೆಗೂ ಅದರದೇ ಒಂದು ವೇಗವಿದೆ. ತಿರುವಿನ ತ್ರಿಜ್ಯ 300 ಮೀಟರು, ಓರೆ 30 ಡಿಗ್ರಿ ಇದ್ದರೆ, ಗಂಟೆಗೆ 148 ಕಿಲೋಮೀಟರು ವೇಗದಲ್ಲಿ ಟೈರು ಅತ್ತ ಇತ್ತ ಜಾರುವ ಮಾತೇ ಇಲ್ಲ. ಅದಕ್ಕಿಂತ ಜೋರಾದರೆ ಮೇಲಕ್ಕೆ, ನಿಧಾನವಾದರೆ ಕೆಳಕ್ಕೆ ಎಳೆತ ಸುರು.

ಲೆಕ್ಕ ಸರಿಯಿದ್ದರೂ ಬ್ರೂಕ್‌ಲ್ಯಾಂಡ್ಸ್‌ನ ಕಾಂಕ್ರೀಟು ಕೈಕೊಟ್ಟಿತು. ಒಳಗೆ ಕಬ್ಬಿಣದ ಸರಳಿಲ್ಲದ ಬರಿ ಗಾರೆ. ಕೆಳಗಿನ ಮಣ್ಣು ಕುಸಿದಂತೆಲ್ಲ ದಾರಿ ಉಬ್ಬುತಗ್ಗಾಯಿತು. ಚಳಿಗಾಲ ಬಂತೆಂದರೆ ತೇಪೆ ಹಾಕುವುದೇ ಕೆಲಸ. 1935ರಲ್ಲಿ ಜಾನ್ ಕಾಬ್ 24 ಲೀಟರ್ ಇಂಜಿನ್ನಿನ ನೇಪಿಯರ್-ರೇಲ್ಟನ್ನಿನಲ್ಲಿ ಗಂಟೆಗೆ ಸುಮಾರು 231 ಕಿಲೋಮೀಟರು ಸರಾಸರಿಯಲ್ಲಿ ಸುತ್ತು ಹಾಕಿ, ಯಾರೂ ಮುರಿಯದ ದಾಖಲೆ ಬರೆದ. ಮುರಿಯಲು ಮತ್ತೆ ಹೊತ್ತೂ ಇರಲಿಲ್ಲ. 1939ರ ಆಗಸ್ಟಿನಲ್ಲಿ ಕೊನೆಯ ರೇಸು ನಡೆದು, ಮುಂದಿನ ತಿಂಗಳೇ ಮಹಾಯುದ್ಧ. ಬ್ರೂಕ್‌ಲ್ಯಾಂಡ್ಸ್‌ನ ಕಾರ್ಖಾನೆಗಳಲ್ಲಿ ವೆಲ್ಲಿಂಗ್ಟನ್ ಬಾಂಬರ್, ಹರಿಕೇನ್ ವಿಮಾನಗಳ ಕೆಲಸ ಜೋರಾಯಿತು. ಶತ್ರು ವಿಮಾನದ ಕಣ್ಣಿಗೆ ಬೀಳದಿರಲೆಂದು ಟ್ರ್ಯಾಕಿನ ಮೇಲೆಯೇ ಗಿಡ ನೆಟ್ಟರು. 1946ರಲ್ಲಿ ಜಾಗ ವಿಮಾನ ಕಂಪನಿಯ ಪಾಲಾಯಿತು.

ಉಳಿದ ಓರೆ ಟ್ರ್ಯಾಕುಗಳ ಕತೆಯೂ ಹೆಚ್ಚು ಬೇರೆಯಲ್ಲ. ಸ್ಪೇನಿನ ತೆರ್ರಮಾರ್ 1923ರಲ್ಲಿ ತೆರೆಯಿತು. ಟಿಕೆಟಿನ ದುಡ್ಡನ್ನು ಟ್ರ್ಯಾಕ್ ಕಟ್ಟಿದ ಗುತ್ತಿಗೆದಾರರು ಬಾಕಿಗೆ ಹಿಡಿದುಕೊಂಡದ್ದರಿಂದ ಗೆದ್ದವರಿಗೆ ಬಹುಮಾನವೇ ಸಿಗಲಿಲ್ಲ. ಆ ದುಂಡಿನೊಳಗೆ ಮುಂದೆ ಕೋಳಿ ಸಾಕಿದರು. ಬರ್ಲಿನ್ನಿನ ಆವುಸ್ ಎಂಬಲ್ಲಿ 43 ಡಿಗ್ರಿಯ ಇಟ್ಟಂಗಿ ಗೋಡೆ ಎಬ್ಬಿಸಿ, 1937ರಲ್ಲಿ ಗಂಟೆಗೆ 260 ಕಿಲೋಮೀಟರು ಮೀರಿದ ಸರಾಸರಿಯಲ್ಲಿ ಪಂದ್ಯ ಮುಗಿಸಿದರು. 1967ರಲ್ಲಿ ಅದನ್ನು ಕೆಡವಿದರು. ಇಟಲಿಯ ಮೋಂಜಾದ ಓರೆಯ ಮೇಲೆ ಫಾರ್ಮುಲಾ ಒನ್ 1961ರ ನಂತರ ಓಡಲಿಲ್ಲ. ಅಮೆರಿಕ ಮಾತ್ರ ಇದನ್ನು ಬಿಡಲಿಲ್ಲ: ಡೇಟೋನಾದ 31 ಡಿಗ್ರಿ ಓರೆಯ ಮೇಲೆ ಇಂದಿಗೂ ರೇಸು ನಡೆಯುತ್ತದೆ.

ನಮ್ಮ ಬಾವಿ ಬಂದಿದ್ದೂ ಅಮೆರಿಕದಿಂದಲೇ. ಜ್ಯಾಕ್ ಪ್ರಿನ್ಸ್ ಎಂಬ ಇಂಗ್ಲಿಷ್ ಸೈಕಲ್ ಓಟಗಾರ ಅಲ್ಲಿಗೆ ಹೋಗಿ ಸೈಕಲ್ಲಿಗೆ ಮರದ ಓರೆ ಟ್ರ್ಯಾಕು ಕಟ್ಟುತ್ತಿದ್ದ. ಮೋಟಾರು ಬಂದದ್ದೇ, ಅದೇ ಕೈಚಳಕದಿಂದ 1910ರಲ್ಲಿ ಲಾಸ್ ಏಂಜಲಿಸ್ ಬಳಿಯ ಪ್ಲಾಯಾ ಡೆಲ್ ರೇನಲ್ಲಿ ಒಂದು ಮೈಲಿ ಸುತ್ತಳತೆಯ ಮರದ ತಟ್ಟೆಯನ್ನೇ ಎಬ್ಬಿಸಿದ. ಗಾರೆಗಿಂತ ಹಲಗೆ ಅಗ್ಗ. ಊರೂರಿಗೆ ಇಂಥವು ಎದ್ದವು, ಓರೆ ಏರುತ್ತ 60 ಡಿಗ್ರಿ ಮುಟ್ಟಿತು. ಬೈಕಿಗೆ ಬ್ರೇಕಿಲ್ಲ, ಅಂಚಿನಲ್ಲಿ ಜನ. 1912ರ ಸೆಪ್ಟೆಂಬರಿನಲ್ಲಿ ನ್ಯೂಅರ್ಕ್‌ನಲ್ಲಿ ಎಡ್ಡಿ ಹಾಶಾನ ಬೈಕು ಅಂಚು ಹಾರಿ, ನೋಡಲು ಬಂದವರೂ ಸೇರಿ ಎಂಟು ಜೀವ ಹೋದವು. ಮುಂದೆ ಮರದ ರೇಸ್ ಟ್ರ್ಯಾಕುಗಳು ಅಳಿದವು. ಅಷ್ಟರಲ್ಲೇ ಜಾತ್ರೆ ವ್ಯಾಪಾರದವರು ಟ್ರ್ಯಾಕನ್ನು ಚಿಕ್ಕದು ಮಾಡಿ, ಗೋಡೆಯನ್ನು ನೆಟ್ಟಗೆ ನಿಲ್ಲಿಸಿ, ಬಿಚ್ಚಿ ಒಯ್ಯುವಂತೆ ಮಾಡಿಕೊಂಡಿದ್ದರು. ಅದೇ ಸಾವಿನ ಬಾವಿ. ಇದರಲ್ಲಿ ನಿಲ್ಲಲು ಭಾರಿ ವೇಗವೇನೂ ಬೇಡ. ಐದಾರು ಮೀಟರು ತ್ರಿಜ್ಯದ ಬಾವಿಗೆ ಗಂಟೆಗೆ ಮೂವತ್ತು-ನಲವತ್ತು ಕಿಲೋಮೀಟರು ಸಾಕು. ಲಾಕ್ ಕಿಂಗ್‌ನ ಕಾಲದ ಕಾಯ್ದೆಯ ಮಿತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ನಮ್ಮ ನಾಡಿನ ಗಾಲಿಯ ಹುಚ್ಚು ಮಾತ್ರ ಬೇರೆ ಜಾತಿಯದು, ಅದಕ್ಕೆ ತಿರುವೇ ಬೇಕಿಲ್ಲ. ಎರಿ ಹೊಲದ ಸಪಾಟು ನೆಲದವರಿಗೆ ನೆಟ್ಟನೆಯ ದಾರಿಯೇ ಪಂದ್ಯದ ಕಣ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ಎಂದರೆ ಗಾಲಿ ತಿರುಗದಂತೆ ಕಟ್ಟಿ, ಭಾರ ಹೇರಿ, ನಿಗದಿತ ಸಮಯದಲ್ಲಿ ಎತ್ತುಗಳು ಎಷ್ಟು ದೂರ ಎಳೆದವು ಎಂದು ಅಳೆಯುವುದು. ಗಾಲಿ ತಿರುಗದ ಬಂಡಿಯ ರೇಸು! ಮೋಟಾರಿನ ಪಾಳಿ ಬಂದಾಗಲೂ ಅದೇ ತಲೆ: ಟ್ರೈಲರ್ ಸಮೇತ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ರಿವರ್ಸ್ ಸ್ಪರ್ಧೆ. ಟ್ರೈಲರ್ ಹಿಂದೆ ಹಾಕುವುದರ ಕಷ್ಟ ಗೊತ್ತಿದ್ದವರು ಇದನ್ನು ಮೋಂಜಾಕ್ಕಿಂತ ಸಣ್ಣದೆನ್ನಲಾರರು.

ಸೈಕಲ್ ಮಾತ್ರ ಬೇರೆ, ಅದಕ್ಕೆ ತಿರುವೂ ಬೇಕು, ಓರೆಯೂ ಬೇಕು. ವಿಜಯಪುರದ ಸೈಕ್ಲಿಂಗ್ ಕ್ರೀಡಾ ವಸತಿನಿಲಯ ರಾಜ್ಯಕ್ಕೆ, ದೇಶಕ್ಕೆ ಓಟಗಾರರನ್ನು ಕೊಟ್ಟಿದೆ. ಟ್ರ್ಯಾಕ್ ಸೈಕ್ಲಿಂಗ್‌ಗೆ ವೆಲೋಡ್ರೋಮ್ ಬೇಕು: ಒಲಿಂಪಿಕ್ಸ್‌ಗೆ 250 ಮೀಟರಿನ ಸುತ್ತು, ತಿರುವಿನಲ್ಲಿ ನಲವತ್ತು ಡಿಗ್ರಿ ಮೀರಿದ ಓರೆ. ಇಲ್ಲಿನ ಮಕ್ಕಳು ಲಾರಿಗಳ ನಡುವೆ ಹೆದ್ದಾರಿಯ ಮೇಲೆಯೇ ತಾಲೀಮು ಮಾಡಿದರು. ಭೂತನಾಳದ ಬಳಿ ವೆಲೋಡ್ರೋಮ್ ಕೆಲಸ ಸುರುವಾದರೂ ವರ್ಷಗಟ್ಟಲೆ ಕುಂಟುತ್ತ ನಡೆಯಿತು. ಓರೆಯ ಗಾರೆಯಲ್ಲಿ ಒಂದು ಬೆರಳಿನಷ್ಟು ಉಬ್ಬಿದ್ದರೂ ತೆಳು ಟೈರಿನ ಸೈಕಲ್ಲು ಸವಾರನನ್ನು ಎತ್ತಿ ಒಗೆಯುತ್ತದೆ. ಬ್ರೂಕ್‌ಲ್ಯಾಂಡ್ಸ್ ಕಲಿತ ಪಾಠ ಇದೇ. ಇಂಥ ಕೆಲಸದಲ್ಲಿ ನಡೆಯುತ್ತದೆ ಬಿಡು ಎಂಬ ಮಾತು ನಡೆಯುವುದಿಲ್ಲ.

ಹಾಗೆ ನೋಡಿದರೆ ವಂಶಾವಳಿ ನಮ್ಮಲ್ಲಿ ತಿರುವುಮುರುವಾಗಿ ಬಂದಿದೆ. ವೆಲೋಡ್ರೋಮ್ ಅಜ್ಜಿ, ಮರದ ಮೋಟಾರ್ ಟ್ರ್ಯಾಕು ಮಗಳು, ಸಾವಿನ ಬಾವಿ ಮೊಮ್ಮಗಳು. ಇಲ್ಲಿ ಮೊಮ್ಮಗಳು ಮೊದಲು ಬಂದು ಜಾತ್ರೆ ಸುತ್ತಿದಳು, ಅಜ್ಜಿ ಆಮೇಲೆ. ನಡುವಿನವಳು ಬರಲೇ ಇಲ್ಲ. ದೇಶದಲ್ಲಿ ಮೋಟಾರಿನ ಓರೆ ದಾರಿ ನೋಡಬೇಕೆಂದರೆ ಮಧ್ಯಪ್ರದೇಶದ ಪೀತಾಂಪುರಕ್ಕೆ ಹೋಗಬಹುದು. ಅಲ್ಲಿ 2021ರ ಜೂನ್‌ನಲ್ಲಿ ಉದ್ಘಾಟನೆಯಾದ ನ್ಯಾಟ್ರ್ಯಾಕ್ಸ್ ಕೇಂದ್ರದ 11.3 ಕಿಲೋಮೀಟರಿನ ಸುತ್ತನ್ನು ಕಟ್ಟಿದ್ದು ವಾಹನಗಳ ಪರೀಕ್ಷೆಗೆ.

ವೇಬ್ರಿಜ್‌ನಲ್ಲಿ ಹಳೆಯ ಓರೆಯ ಒಂದಿಷ್ಟು ಭಾಗ ಈಗಲೂ ನಿಂತಿದೆ. ಪಕ್ಕದಲ್ಲೇ ಮ್ಯೂಸಿಯಮ್ಮು, ಕಾಬ್‌ನ ಕಾರೂ ಅಲ್ಲಿದೆ. ಅಷ್ಟು ದೂರ ಹೋಗಲಾಗದವರು ಮುಂದಿನ ಜಾತ್ರೆಯಲ್ಲಿ ಬಾವಿಯ ಅಂಚಿಗೆ ನಿಂತಾಗ ಗೋಡೆ ನೋಡುವ ಮೊದಲು ತಳ ನೋಡಿರಿ. ನೆಲಕ್ಕೂ ನೆಟ್ಟಗೋಡೆಗೂ ನಡುವೆ ಸುತ್ತಲೂ ಒಂದು ಓರೆ ಹಲಗೆಯ ಪಟ್ಟಿ ಇರುತ್ತದೆ. ಬೈಕು ಮೊದಲು ಏರುವುದು ಅದನ್ನೇ.