ಶೂನ್ಯ ಚೀಟಿಯ ಲೆಕ್ಕ

ಬಸ್ಸಿನ ನಿರ್ವಾಹಕನು ಕೈಯಂತ್ರವನ್ನೊತ್ತಿ, ಕಿಟಕಿಯ ಬದಿ ಕುಳಿತ ತಾಯಿಗೆ ಹರಿದು ಕೊಡುವ ಶೂನ್ಯ ದರದ ಚೀಟಿಯು, ನೋಡುವ ಕಣ್ಣಿಗೆ ಬರಿಯ ಕಾಗದದ ತುಂಡಾಗಿ ಕಂಡರೂ, ರಾಜ್ಯದ ಬೊಕ್ಕಸದ ಮುಂದೆ ಒಂದು ಪ್ರಮಾಣಪತ್ರವೇ ಸರಿ.

2023ರ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾದಂದಿನಿಂದ, ಕರ್ನಾಟಕದ ಮಹಿಳೆಯರು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹಣ ತೆರದೆ ಪಯಣಿಸುತ್ತಿರುವರು. ಆದರೆ ಆ ಪಯಣಕ್ಕೂ ವೆಚ್ಚವುಂಟು: ಇಂತಹ ಒಂದೊಂದು ಚೀಟಿಯ ಮೌಲ್ಯವನ್ನೂ ಕೂಡಿಸಿ ನಾಲ್ಕು ಸಾರಿಗೆ ನಿಗಮಗಳು ಲೆಕ್ಕವೊಪ್ಪಿಸಲಾಗಿ, ಆಯವ್ಯಯದಲ್ಲಿ ಮೀಸಲಿಟ್ಟ ಅನುದಾನದಿಂದ ಸರ್ಕಾರವು ಅದನ್ನು ತುಂಬಿಕೊಡತಕ್ಕದ್ದು.

ಆ ಹಣವು ಸಕಾಲದಲ್ಲಿ ಸಲ್ಲದಿದ್ದರೆ, ಡೀಸೆಲ್ಲಿನ ಬಾಕಿ ಬೆಳೆಯುವುದು, ನೌಕರರ ಪಾವತಿಗಳು ತಡವಾಗುವುವು, ಹೊಸ ಬಸ್ಸುಗಳ ಖರೀದಿಯು ಮುಂದೆ ಹೋಗುವುದು.

ಆದುದರಿಂದ, ತಾಯಂದಿರೇ, ದುಡ್ಡಿಲ್ಲದ ಚೀಟಿಯೆಂದು ಉದಾಸೀನ ಮಾಡದೆ ಕೇಳಿ ಪಡೆಯಿರಿ. ನಿಮ್ಮೂರಿಗೆ ನಾಳೆ ಬರಬೇಕಾದ ಬಸ್ಸು ಆ ಲೆಕ್ಕವನ್ನೇ ನಂಬಿದೆ.