ಹಿಮದ ಊರಿನಲ್ಲಿ ಸೈಕಲ್ ಬ್ಯಾಟರಿ

ಪ್ರಶ್ನೆ: ಟೊರಾಂಟೊದಲ್ಲಿರುವ ಮಗಳು ಹಿಮ ಬೀಳುವ ತಿಂಗಳುಗಳಲ್ಲಿ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಇಡುತ್ತಾಳೆ. ಯಾಕೆ?

ಉತ್ತರ: ಸರಿಯಾದದ್ದನ್ನೇ ಮಾಡುತ್ತಿದ್ದಾಳೆ. ಲಿಥಿಯಂ ಅಯಾನ್ ಬ್ಯಾಟರಿಗೆ ಚಳಿಗಿಂತಲೂ ಚಳಿಯಲ್ಲಿ ಮಾಡುವ ಚಾರ್ಜಿಂಗ್ ಹೆಚ್ಚು ಕೆಡುಕು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ನುಸುಳಿ ಕೂರಬೇಕು. 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅವು ಒಳಹೋಗಲು ತಡವರಿಸಿ, ಮೇಲ್ಮೈಯಲ್ಲೇ ಲೋಹವಾಗಿ ಕೂತುಬಿಡುತ್ತವೆ. ಹಾಗೆ ಕಳೆದ ಸಾಮರ್ಥ್ಯ ಬಹುಪಾಲು ಮರಳುವುದಿಲ್ಲ. ಒಳಗೇ ಶಾರ್ಟ್ ಸರ್ಕಿಟ್ ಆಗುವ ಅಪಾಯವೂ ಉಂಟು. ಹೊರಗಿನಿಂದ ತಂದದ್ದು ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲಷ್ಟೇ ಚಾರ್ಜರ್ ಸಿಕ್ಕಿಸಲಿ. ತಿಂಗಳುಗಟ್ಟಲೆ ಇಡುವುದಾದರೆ ಚಾರ್ಜ್ ಅರ್ಧದಷ್ಟಿರಲಿ: ಪೂರ್ತಿ ತುಂಬಿಸಿಟ್ಟರೆ ಬೇಗ ಮುಪ್ಪು, ಬರಿದಾಗಿ ಬಿಟ್ಟರೆ ಸತ್ತೇಹೋಗಬಹುದು. ಹೀಟರ್ ಪಕ್ಕ ಮಾತ್ರ ಬೇಡ. ಚಳಿಯಲ್ಲಿ ಓಡಿಸಿದಾಗ ಮೈಲೇಜ್ ಇಳಿಯುವುದು ಬೇರೆ ಮಾತು. ಬ್ಯಾಟರಿ ಬೆಚ್ಚಗಾದರೆ ಅದು ಮರಳುತ್ತದೆ.